2,922 ಅಡಿಯ ದಿಗಂತ

ಮಳೆಗಾಲದಲ್ಲಿ ಗೊರೂರಿನ ಹಿನ್ನೀರು ತುಂಬಿ ನಿಂತಾಗ ಮೇಲೆ ಬೂದು ಮುಗಿಲು, ಕೆಳಗೆ ಬೂದು ನೀರು, ನಡುವೆ ಒಂದೇ ಗೆರೆ. ಅಮೂರ್ತ ಚಿತ್ರದಂತಿರುವ ಈ ನೋಟದಲ್ಲಿ ಆ ಗೆರೆ ಎಳೆದವರು ಯಾರೆಂಬ ಪ್ರಶ್ನೆ ಹಿಡಿದು ದಾಖಲೆಗಳಿಗೆ ಕೈಹಾಕಿದೆ.

ಮೊದಲ ಸುಳಿವು ಸಿಕ್ಕಿದ್ದು ಕಲಾ ಇತಿಹಾಸದಲ್ಲಿ. 1961ರಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ರೋಸೆನ್‌ಬ್ಲಮ್, ಮಾರ್ಕ್ ರಾಥ್ಕೋನ ಬಣ್ಣದ ಪಟ್ಟೆಗಳನ್ನು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಕಡಲತಡಿಯ ಸನ್ಯಾಸಿ’ ಚಿತ್ರದ ಜೊತೆಗಿಟ್ಟು ಓದಿದ. ರಾಥ್ಕೋ ಬರೆದದ್ದು ನಿಸರ್ಗವನ್ನಲ್ಲ. ಆದರೂ ಎರಡು ಬಣ್ಣ ಅಡ್ಡಡ್ಡಲಾಗಿ ಸೇರಿದರೆ ಸಾಕು, ಕಣ್ಣು ಅಲ್ಲಿ ನೆಲ, ಮುಗಿಲು ಹುಡುಕುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಫ್ರೀಡ್ರಿಕ್‌ನ ಚಿತ್ರ. 1808–10ರಲ್ಲಿ ಬರೆದ ಅದರಲ್ಲಿ ಖಾಲಿ ಕಡಲೇ ಎಲ್ಲ ಅರ್ಥವನ್ನೂ ಹೊತ್ತಿದೆ. ಅದನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದಾಗ ಬಣ್ಣದಡಿ ಹಡಗುಗಳು ಕಂಡವು. ಕಲಾವಿದ ಮೊದಲು ಹಡಗು ಬರೆದು, ಆಮೇಲೆ ಮುಚ್ಚಿದ್ದ.

ಗೊರೂರಿನ ಗೆರೆಯ ಅಡಿಯಲ್ಲಿ ಏನಿತ್ತು? ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ತೆರೆದೆ. ಅಲ್ಲಿ ಹೊಳೆಯಿದೆ, ಜನರಿದ್ದಾರೆ, ದಿಗಂತದ ಗೊಡವೆ ಯಾರಿಗೂ ಇಲ್ಲ. ಕೊನೆಗೆ ನೆರವಾದದ್ದು ನೀರಾವರಿ ಲೆಕ್ಕ. ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಈ ಅಂಕಿ ಹಿಡಿದು ಅಣೆಕಟ್ಟೆಗೂ ಹಿಂದಿನ ಸರ್ವೆ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸಿದೆ. ನಕ್ಷೆಯ ಕಂದು ಗೆರೆಗಳಲ್ಲಿ 2,900 ಅಡಿಯದಕ್ಕಿಂತ ತುಸು ಮೇಲೆ, 2,950ರದಕ್ಕಿಂತ ಕೆಳಗೆ, ಕಣಿವೆ ಕಣಿವೆ ಹೊಕ್ಕು ಹೊರಟ ನನ್ನ ಗೆರೆ ನೇರವಾಗಿರಲಿಲ್ಲ. ಅದರೊಳಗೆ ಸಿಕ್ಕಿಬಿದ್ದದ್ದು ಮನೆಗಳ ಕೆಂಪು ಗುರುತು, ಕೆರೆಗಳ ನೀಲಿ, ಗಾಡಿದಾರಿಯ ಚುಕ್ಕಿಸಾಲು. ದಡದಿಂದ ನೋಡುವವರಿಗೆ ಸಪಾಟಾಗಿ ಕಾಣುವ ದಿಗಂತ ಹುಟ್ಟಿದ್ದು ಈ ಅಂಕುಡೊಂಕು ಗೆರೆಯಿಂದ.

ಆ ಸಪಾಟಾದ ನೀರಿನ ನಡುವೆ ತಲೆಯೆತ್ತುವುದು ಶೆಟ್ಟಿಹಳ್ಳಿಯ ರೋಸರಿ ಚರ್ಚು. 1860ರ ಹೊತ್ತಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅದರ ಗೋಡೆ, ಕಮಾನು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಬುಡದವರೆಗೆ ತೆರೆದುಕೊಳ್ಳುತ್ತವೆ. ಫ್ರೀಡ್ರಿಕ್ ಮುಚ್ಚಿದ ಹಡಗು ಕಾಣಲು ಯಂತ್ರ ಬೇಕಾಯಿತು. ಇಲ್ಲಿ ನೀರು ಇಳಿದರೆ ಸಾಕು.

ದಿಗಂತಕ್ಕೆ ಅರ್ಥ ಬರುವುದು ಅದು ಮುಚ್ಚಿದ್ದರಿಂದಲೂ ಹೌದು ಎಂಬುದು ನನ್ನ ತೀರ್ಮಾನ. ಈ ಹಿನ್ನೀರನ್ನು ಬರೀ ಪ್ರಶಾಂತತೆ ಎಂದು ಬರೆದರೆ ಅಲ್ಲಿ ಬಾಳಿದವರಿಗೆ ಅನ್ಯಾಯ. ಮುಳುಗಡೆ ಊರುಗಳ ಮನೆತನದವರಲ್ಲಿ ಹಳೆಯ ಪಹಣಿ, ಪಟ್ಟಾ, ಮದುವೆಯ ಫೋಟೊ ಉಳಿದಿದ್ದರೆ ದಯವಿಟ್ಟು ಒಂದು ಪ್ರತಿ ಮಾಡಿಸಿ, ಊರಿನ ಹೆಸರು ಬರೆದು, ಹತ್ತಿರದ ಗ್ರಂಥಾಲಯಕ್ಕೆ ಕೊಡಿ.