ಹಡಗಿನ ತಳದ ನೀರೊಳಗಿನ ಶುಚೀಕರಣ

ಹಡಗಿನ ತಳದ ನೀರೊಳಗಿನ ಶುಚೀಕರಣವೆಂದರೆ ಹಡಗನ್ನು ಡ್ರೈಡಾಕ್‌ಗೆ ಒಯ್ಯದೆ, ಅದು ತೇಲುತ್ತಿರುವಾಗಲೇ ಅದರ ಮುಳುಗಿದ ಭಾಗಕ್ಕೆ ಅಂಟಿದ ಪಾಚಿ, ಬಾರ್ನಕಲ್, ಚಿಪ್ಪುಜೀವಿ ಮೊದಲಾದವನ್ನು ತೆಗೆಯುವ ಕಾರ್ಯ. ಇಂಧನದ ಉಳಿತಾಯವೇ ಇದರ ಮುಖ್ಯ ಉದ್ದೇಶ.

ಘರ್ಷಣೆ ಮತ್ತು ಇಂಧನ

ಸಮುದ್ರದ ನೀರಿಗಿಳಿದ ಯಾವುದೇ ಮೇಲ್ಮೈಯ ಮೇಲೆ ಮೊದಲು ಸೂಕ್ಷ್ಮಜೀವಿಗಳ ಲೋಳೆಪದರ ಕಟ್ಟುತ್ತದೆ. ಪಾಚಿಯೂ ಸುಣ್ಣದ ಕವಚವುಳ್ಳ ಜೀವಿಗಳೂ ಅನಂತರ ನೆಲೆಸುತ್ತವೆ. ಬೆಚ್ಚಗಿನ ನೀರಿನಲ್ಲಿ ಲಂಗರು ಹಾಕಿ ನಿಂತ ಹಡಗುಗಳಲ್ಲಿ ಇವು ಬೇಗ ಬೆಳೆಯುತ್ತವೆ. ತಳ ಒರಟಾದಷ್ಟೂ ನೀರಿನ ಘರ್ಷಣೆ ಹೆಚ್ಚಿ, ಅದೇ ವೇಗಕ್ಕೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಅಮೆರಿಕದ ಸಂಶೋಧಕ ಮೈಕೆಲ್ ಶುಲ್ಟ್ಜ್ 2007ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಸುಣ್ಣದ ಕವಚದ ಜೀವಿಗಳು ದಟ್ಟವಾಗಿ ಬೆಳೆದ ಯುದ್ಧನೌಕೆಗೆ ಸಾಮಾನ್ಯ ಸಂಚಾರವೇಗದಲ್ಲಿ ಶೇ. 86ರವರೆಗೆ ಹೆಚ್ಚುವರಿ ಶಕ್ತಿ ಬೇಕಾಗಬಹುದು. ಬರಿಯ ಲೋಳೆಪದರವೂ ಕಡೆಗಣಿಸುವಂಥದಲ್ಲ.

ವಿಧಾನ

ಮುಳುಗುಗಾರರು ತಿರುಗುವ ಕುಂಚಗಳಿಂದಲೋ ಅಧಿಕ ಒತ್ತಡದ ನೀರಿನಿಂದಲೋ ತಳವನ್ನು ಉಜ್ಜುತ್ತಾರೆ. ದೂರನಿಯಂತ್ರಿತ ಯಂತ್ರಗಳೂ ಬಳಕೆಯಲ್ಲಿವೆ. ಪ್ರೊಪೆಲರಿನ ವಿಸ್ತೀರ್ಣ ಕಡಿಮೆಯಾದರೂ ಅದನ್ನು ನಯಗೊಳಿಸುವುದರಿಂದ ದೊರೆಯುವ ಲಾಭ ಅದರ ಗಾತ್ರಕ್ಕೆ ಮೀರಿದ್ದು. ಇದು ಅಪಾಯದ ಕೆಲಸ. ಪ್ರೊಪೆಲರ್ ತಿರುಗದಂತೆ ಭದ್ರಪಡಿಸಿ, ನೀರು ಒಳಗೆಳೆಯುವ ಕಿಂಡಿಗಳ ಪಂಪುಗಳನ್ನು ನಿಲ್ಲಿಸಿ, ನೀರಿನಲ್ಲಿ ಮುಳುಗುಗಾರರಿದ್ದಾರೆಂದು ಸೂಚಿಸುವ ‘ಎ’ ಧ್ವಜವನ್ನು ಏರಿಸಿದ ಬಳಿಕವೇ ಅವರು ಕೆಳಗಿಳಿಯಬೇಕು.

ಕರ್ನಾಟಕದಲ್ಲಿ

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾಯಿತು. ಇಲ್ಲಿಗೆ ಬರುವ ಕಚ್ಚಾತೈಲ, ಕಲ್ಲಿದ್ದಲು ಹಡಗುಗಳು ನಿಧಾನಗತಿಯವು. ಇಂಥವು ಎದುರಿಸುವ ಪ್ರತಿರೋಧದಲ್ಲಿ ಘರ್ಷಣೆಯದೇ ದೊಡ್ಡ ಪಾಲು. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ 10,000 ಟನ್ ಸಾಮರ್ಥ್ಯದ ಹಡಗು ಎತ್ತುಯಂತ್ರವಿರುವುದರಿಂದ ನೌಕೆಗಳನ್ನು ನೆಲಕ್ಕೇರಿಸಿಯೇ ಶುಚಿಗೊಳಿಸಬಹುದು.

ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಅವಧಿಯೇ ತಳ ಕೆರೆದು ಬಣ್ಣ ಬಳಿಯುವ ಕಾಲ. ಡೀಸೆಲ್ಲೇ ಅವುಗಳ ದೊಡ್ಡ ಖರ್ಚು. ಕರಾವಳಿಯ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಹಳೆಯದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಿಂದ ಸಮುದ್ರಮಾರ್ಗವಾಗಿ ರಫ್ತಾಗುವ ವರ್ಜೀನಿಯಾ ಹೊಗೆಸೊಪ್ಪಿನ ಸಾಗಣೆವೆಚ್ಚದಲ್ಲಿಯೂ ಹಡಗಿನ ಇಂಧನದ ಪಾಲು ಸೇರಿರುತ್ತದೆ.

ಪರಿಸರದ ಪ್ರಶ್ನೆ

ಉಜ್ಜಿದಾಗ ಜೀವಿಗಳೊಂದಿಗೆ ಬಣ್ಣದಲ್ಲಿರುವ ತಾಮ್ರವೂ ನೀರಿಗೆ ಸೇರುತ್ತದೆ. ತವರದ ಸಂಯುಕ್ತವಾದ ಟ್ರೈಬ್ಯುಟೈಲ್ ಟಿನ್ ಇದ್ದ ಬಣ್ಣಗಳು ಚಿಪ್ಪುಜೀವಿಗಳಿಗೆ ಮಾರಕವೆಂದು ಕಂಡುಬಂದುದರಿಂದ, 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅವನ್ನು ನಿಷೇಧಿಸಿತು. ಪರದೇಶದ ಜೀವಿಗಳು ಹೊಸ ನೆಲೆ ಹಿಡಿಯುವ ಭೀತಿ ಇನ್ನೊಂದು. ಅಮೆರಿಕದ ಉಷ್ಣವಲಯ ಮೂಲದ ಮೈಟಿಲಾಪ್ಸಿಸ್ ಸ್ಯಾಲಿ ಎಂಬ ಚಿಪ್ಪುಜೀವಿ 1960ರ ದಶಕದಲ್ಲಿಯೇ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿಕೊಂಡು ಮುಂದೆ ಮುಂಬಯಿಗೂ ಹರಡಿತು. ಪಚ್ಚಿಲೆ ಹೆಕ್ಕಿ ಬದುಕುವವರಿರುವ ಕರಾವಳಿಗೆ ಈ ಭೀತಿ ಸಣ್ಣದಲ್ಲ. ಆದ್ದರಿಂದ ಕಸವನ್ನು ಹೀರಿ ಸೋಸುವ ಯಂತ್ರಗಳಿಗೆ ಕೆಲವು ದೇಶಗಳ ಬಂದರುಗಳು ಆದ್ಯತೆ ನೀಡುತ್ತವೆ. ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ ತನ್ನ 2011ರ ಮಾರ್ಗಸೂಚಿಯನ್ನು 2023ರಲ್ಲಿ ಪರಿಷ್ಕರಿಸಿತು. ಅದರ ಪಾಲನೆ ಕಡ್ಡಾಯವಲ್ಲ.