ಟಿಬೆಟ್ಟಿನ ಬಯಲಾಟದ ಕಥೆ ಎಲ್ಲಿಂದ ಬಂತು?

ನಮ್ಮ ಆದವಾನಿ ಸೀಮೆಯಾಗ ಬಯಲಾಟ ಅಂದ್ರೆ ಬೆಳಗಾಗೋ ತನಕ ನಡೀತದ. ಟಿಬೆಟ್ಟಿನಲ್ಲೂ ಇಂಥದೊಂದು ಆಟ ಇದೆ. ಅದರ ಹೆಸರು ‘ಆಚೆ ಲಾಮೊ’, ಅಂದರೆ ‘ಅಕ್ಕ ದೇವತೆ’. ಮುಖವಾಡ, ಹಾಡು, ಕುಣಿತ, ಡೋಲು, ತಾಳ ಎಲ್ಲಾ ಇರ್ತಾವ. ಆದರೆ ಅದು ಹಗಲಿನ ಆಟ. 1960ರ ದಶಕದಿಂದ ಕರ್ನಾಟಕದ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿರುವ ಟಿಬೆಟಿಯನ್ನರ ಆಟ ಇದು.

ಇದನ್ನು ಶುರು ಮಾಡಿದವರು 15ನೇ ಶತಮಾನದ ಸಿದ್ಧ ತಂಗ್‌ತೋಂಗ್ ಗ್ಯಾಲ್ಪೊ ಎಂದು ಅವರ ನಂಬಿಕೆ. ಹೊಳೆ ದಾಟಲು ಜನರಿಗೆ ಕಬ್ಬಿಣದ ಸರಪಳಿ ಸೇತುವೆಗಳನ್ನು ಕಟ್ಟಿಸಿದವರು ಅವರು. ಹಣ ಸಾಲದಾದಾಗ ಏಳು ಮಂದಿ ಅಕ್ಕತಂಗಿಯರಿಂದ ಹಾಡಿಸಿ, ಕುಣಿಸಿ ದುಡ್ಡು ಕೂಡಿಸಿದರಂತೆ.

ಆಟ ಅಲ್ಲಿಯದು. ಕಥೆಗಳು? ಕೆಲವು ಅಲ್ಲಿಯವೇ. ಕೆಲವು ನಮ್ಮ ನೆಲದಿಂದ ಹೋದವು. ‘ದ್ರಿಮೆ ಕುಂದೆನ್’ ಎಂಬ ಆಟದ ಮೂಲ ವೆಸ್ಸಂತರ ಜಾತಕ. ಇದು ಹುಟ್ಟಿದ ಗಳಿಗೆ ನೋಡುವ ಜಾತಕ ಅಲ್ಲ. ಬುದ್ಧನ ಹಿಂದಿನ ಜನ್ಮದ ಕಥೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಸಾಂಚಿಯ ಉತ್ತರ ತೋರಣದ ಮೇಲೆ ಇದನ್ನು ಕೆತ್ತಿದ್ದಾರೆ. ನಮ್ಮವರು ಮೆಣಸಿನಕಾಯಿ ಬಿಡಿಸಾಕ ಹೋಗೋ ಗುಂಟೂರು ಸೀಮೆಯ ಗೋಲಿ ಎಂಬ ಊರಿನಲ್ಲೂ ಇದೇ ಕಥೆಯ ಕಲ್ಲು ಸಿಕ್ಕಿದೆ.

ಕಥೆ ಏನಪ್ಪಾ ಅಂದ್ರೆ, ರಾಜಕುಮಾರ ವೆಸ್ಸಂತರ ಯಾರು ಏನು ಕೇಳಿದರೂ ಇಲ್ಲ ಅನ್ನುವವನಲ್ಲ. ಬರ ಬಿದ್ದ ಕಳಿಂಗದವರು ಕೇಳಿದರೆಂದು ಮಳೆ ತರುವ ಬಿಳಿ ಆನೆಯನ್ನೇ ಕೊಟ್ಟುಬಿಟ್ಟ. ಊರವರು ಸಿಟ್ಟಾಗಿ ಕಾಡಿಗೆ ಅಟ್ಟಿದರು. ಅಲ್ಲಿ ಜೂಜಕ ಎಂಬ ಮುದಿ ಬ್ರಾಹ್ಮಣ ಬಂದು, ಮನೆಕೆಲಸಕ್ಕೆ ಮಕ್ಕಳನ್ನು ಕೇಳಿದ. ಮಕ್ಕಳು ಹೆದರಿ ಕೊಳದ ನೀರಿನಲ್ಲಿ ಅಡಗಿಕೊಂಡವು. ಅಪ್ಪನೇ ಕರೆದು ಕೊಟ್ಟ. ಜೂಜಕ ಬಳ್ಳಿಯಿಂದ ಕೈ ಕಟ್ಟಿ ಹೊಡಕೊಂತ ನಡೆಸಿಕೊಂಡು ಹೋದ. ಕೊನೆಗೆ ರಾಜನಾದ ತಾತ ಬೆಲೆ ಕೊಟ್ಟು ಬಿಡಿಸಿಕೊಂಡ.

ಎಲ್ಲರೂ ಅಪ್ಪನ ದಾನವನ್ನು ಹೊಗಳ್ತಾರ. ನನಗೆ ಕಾಣಿಸಿದ್ದು ಕೊಳದಾಗ ಅಡಗಿದ ಮಕ್ಕಳು. ಜೀತಕ್ಕೆ ಹೋದ ಮಕ್ಕಳು ನಮ್ಮ ಕೇರಿಯಾಗ ಇರಲಿಲ್ಲೇನು? ನನ್ನ ಅಜ್ಜನೂ ಎಂಟು ವರ್ಷದವನಿದ್ದಾಗ ಗೌಡರ ಎಮ್ಮೆ ಕಾಯಾಕ ಹೋದವನೇ. ಅವನನ್ನು ಬಿಡಿಸಾಕ ರಾಜನಾದ ತಾತ ಯಾರೂ ಇರಲಿಲ್ಲ. ಈಗಲೂ ಸುಗ್ಗಿ ಬಂದರೆ ಶಾಲೆ ಬಿಟ್ಟು ಅವ್ವ ಅಪ್ಪನ ಹಿಂದೆ ಗುಂಟೂರಿಗೆ ಹೋಗೋ ಮಕ್ಕಳು ನಮ್ಮಲ್ಲಿ ಇದ್ದಾರೆ.

ನಮ್ಮದೇ ಪತ್ತಿಕೊಂಡ ಕಡೆ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ದಾಸರ ಜೊತೆ, ಆಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದೇ ಧರ್ಮ ಅಂತ 2,200 ವರ್ಷಕ್ಕೂ ಹಿಂದೆ ಅಲ್ಲಿ ಬರೆಸಿದ್ದಾನೆ. ಬುದ್ಧನ ಕಥೆಯೂ ನಮ್ಮ ನೆಲದ್ದು, ಈ ಮಾತೂ ನಮ್ಮ ನೆಲದ್ದು.

ಟಿಬೆಟ್ಟಿನವರು ಆ ಕಥೆಯನ್ನು ತಮ್ಮ ಹಾಡು, ತಮ್ಮ ಮುಖವಾಡಕ್ಕೆ ಹೊಂದಿಸಿಕೊಂಡು ಉಳಿಸಿದರು. ಮನೆಮಠ ಬಿಟ್ಟು ಬಂದಾಗಲೂ ಆಟ ಬಿಡಲಿಲ್ಲ. ನಾವೂ ಇದನ್ನು ನಮ್ಮ ಬಯಲಾಟಕ್ಕೆ ತರಬಹುದಲ್ಲಾ? ಮುಂದಿನ ವಾರ್ಷಿಕೋತ್ಸವಕ್ಕೆ ಸಂಘದ ಗೆಳೆಯರು ಮನಸ್ಸು ಮಾಡಿದರೆ ಪದ ಕಟ್ಟಾಕ ನಾನು ಸಿದ್ಧ. ಆದರೆ ನಮ್ಮ ಆಟದಾಗ ಕೊಳದಿಂದ ಎದ್ದು ಬಂದ ಮಕ್ಕಳು ಮೊದಲು ಮಾತಾಡಬೇಕು. ಅಪ್ಪ ಕೇಳಿಸಿಕೊಳ್ಳಬೇಕು.

ಜೈ ಭೀಮ್.