ಮಗುವಿಗೆ ಪ್ಲೇಟ್‌ಲೆಟ್ ಕಡಿಮೆ ಇದ್ಯಾ? ಜ್ವರದ ಸಿರಪ್ ಕೊಡುವ ಮುನ್ನ ಲೇಬಲ್ ಓದಿ

ಆಯನೂರು: ಪೆಟ್ಟಾಗದಿದ್ದರೂ ಮಗುವಿನ ಮೈಮೇಲೆ ನೀಲಿ ಕಲೆ, ಸಣ್ಣ ಕೆಂಪು ಚುಕ್ಕೆ ಕಂಡರೆ, ಪದೇ ಪದೇ ಮೂಗಲ್ಲಿ ರಕ್ತ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು.

ಏನಿದು ಐಟಿಪಿ?: ಪ್ಲೇಟ್‌ಲೆಟ್ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಇರುತ್ತೆ. ಐಟಿಪಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಅದನ್ನು ನಾಶ ಮಾಡುತ್ತೆ. ಹೆಚ್ಚಿನ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ವಾಸಿಯಾಗುತ್ತೆ. 12 ತಿಂಗಳು ದಾಟಿದರೆ ದೀರ್ಘಕಾಲದ ಕಾಯಿಲೆ. ಇದು ಅಂಟುರೋಗವಲ್ಲ.

ಯಾವ ಔಷಧ ಬೇಡ?: ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಬೆರೆಸಿದ ಸಿರಪ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ ಕಾಯಿಲೆ ಬಗ್ಗೆ ಮೊದಲೇ ಹೇಳಿ. ಅಂಗನವಾಡಿ, ಶಾಲೆಗೂ ತಿಳಿಸಿ.

ತಲೆಗೆ ಪೆಟ್ಟು ಬಿದ್ದರೆ: ಮಗು ಆಟವಾಡ್ತಿದೆ ಅಂತ ಸುಮ್ಮನಿರಬೇಡಿ. ಒಳಗೆ ರಕ್ತಸ್ರಾವ ಆಗಿರಬಹುದು. 108ಕ್ಕೆ ಕರೆ ಮಾಡಿ, ತಕ್ಷಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಿರಿ.